ಚೀನಾದ ಪ್ರಾಚೀನ ಜೇಡ್ ಡ್ರ್ಯಾಗನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನಲ್ಲಿ, ಪತ್ರಗಳಲ್ಲಿ, ಚಿತ್ರ ಕಳಿಸಿ "ಇದೇನು?" ಎಂದು ಕೇಳುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದವು ಮೊದಲು, ಕಗ್ಗಂಟಿನವು ಆಮೇಲೆ.

## ಮೊದಲ ಪರಿಚಯ

ಜೇಡ್ ಅಂದ್ರೆ ನಮ್ಮ ಪಚ್ಚೆ ಕಲ್ಲೇ ತಾನೆ?

ಅಲ್ಲ. ಪಚ್ಚೆ ಎಂದರೆ ಮರಕತ, ಅದು ಬೆರಿಲ್ ಜಾತಿಯ ಹರಳು. ಜೇಡ್ ಹರಳಲ್ಲ, ಕಲ್ಲು. ಕೂದಲಿಗಿಂತ ಸಣ್ಣ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಆದ ಕಲ್ಲು. ಚೀನಾದ ಪ್ರಾಚೀನ ಡ್ರ್ಯಾಗನ್‌ಗಳೆಲ್ಲ ಬಹುಪಾಲು ನೆಫ್ರೈಟ್ ಎಂಬ ಜೇಡ್‌ನಲ್ಲಿವೆ. ಬರ್ಮಾದ ಕಡುಹಸಿರು ಜೇಡೈಟ್ ಚೀನಾಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 18ನೇ ಶತಮಾನದಲ್ಲಿ. ಹಾಗಾಗಿ ಯಾರಾದರೂ ಗಿಳಿಹಸಿರಿನ, ಗಾಜಿನಂತೆ ಬೆಳಕು ಹಾಯುವ ಡ್ರ್ಯಾಗನ್ ತೋರಿಸಿ "ಮೂರು ಸಾವಿರ ವರ್ಷ ಹಳೆಯದು" ಎಂದರೆ ಅಲ್ಲೇ ಮಾತು ಮುಗಿಯಿತು. ಹಳೆಯ ಜೇಡ್‌ಗಳು ಹಸಿರೇ ಆಗಿರಬೇಕೆಂದೂ ಇಲ್ಲ: ಹಳದಿ ಹಸಿರು, ಬೂದು, ಮಜ್ಜಿಗೆ ಬಿಳುಪು, ಕಪ್ಪಿಗೆ ಹತ್ತಿರದ ಹಸಿರು, ಎಲ್ಲವೂ ಇವೆ.

ನಮ್ಮ ಅಂಗಡಿಗಳಲ್ಲಿ "ಇಂಡಿಯನ್ ಜೇಡ್" ಎಂದು ಮಾರುವುದು ಸಾಮಾನ್ಯವಾಗಿ ಹಸಿರು ಅವೆಂಚುರಿನ್, ಅಂದರೆ ಬಣ್ಣದ ಬೆಣಚುಕಲ್ಲು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿ ಸುತ್ತ ಸಿಗುವ ಹಸಿರು ಫುಕ್ಸೈಟ್ ಬೆಣಚುಕಲ್ಲು ಕೂಡ ಜೇಡ್ ಅಲ್ಲ, ಚೆಂದದ ಕಲ್ಲು ಅಷ್ಟೇ.

ಎಲ್ಲಕ್ಕಿಂತ ಹಳೆಯ ಜೇಡ್ ಡ್ರ್ಯಾಗನ್ ಯಾವುದು?

ಈಶಾನ್ಯ ಚೀನಾದ ಹೋಂಗ್‌ಶಾನ್ ಸಂಸ್ಕೃತಿಯವು ಅತಿ ಹಳೆಯ ಸಾಲಿಗೆ ಸೇರುತ್ತವೆ. ಇಂದಿನ ಒಳ ಮಂಗೋಲಿಯಾ ಮತ್ತು ಲಿಯಾವ್ನಿಂಗ್ ಪ್ರದೇಶದಲ್ಲಿ ಸುಮಾರು ಕ್ರಿ.ಪೂ. 4700ರಿಂದ 2900ರವರೆಗೆ ಇದ್ದ ಕೃಷಿಕರ ಸಮಾಜ ಅದು. ಲಿಯಾವ್ನಿಂಗ್‌ನ ನ್ಯೂಹೆಲಿಯಾಂಗ್‌ನಲ್ಲಿ 1984ರಲ್ಲಿ ಕಲ್ಲುಗುಪ್ಪೆಯಡಿಯ ಸಮಾಧಿಯೊಂದನ್ನು ತೆರೆದಾಗ ಸತ್ತವರ ಎದೆಯ ಮೇಲೆ ಎರಡು ಜೇಡ್ ಡ್ರ್ಯಾಗನ್‌ಗಳಿದ್ದವು. ದೊಡ್ಡದರ ಎತ್ತರ ಸುಮಾರು 10 ಸೆಂ.ಮೀ. ಹೆಚ್ಚುಕಡಿಮೆ ಅದೇ ಕಾಲಕ್ಕೆ ದೂರದ ಆನ್ಹುಯಿ ಪ್ರಾಂತ್ಯದ ಲಿಂಗ್‌ಜಿಯಾತಾನ್‌ನಲ್ಲೂ ತಲೆ-ಬಾಲ ಕೂಡಿದ ಪುಟ್ಟ ಡ್ರ್ಯಾಗನ್ ಇತ್ತು. 1998ರಲ್ಲಿ ಸಿಕ್ಕಿದ ಅದರ ಅಗಲ ಬರೀ 4.4 ಸೆಂ.ಮೀ.

ನೋಡಿದರೆ ಹಂದಿಮರಿ ಥರ ಇದೆ, ಇದನ್ನ ಡ್ರ್ಯಾಗನ್ ಅಂತ ಯಾಕೆ ಕರೀತಾರೆ?

ಕರೆಯುವವರು ನಾವು, ಮಾಡಿದವರಲ್ಲ. ಹೋಂಗ್‌ಶಾನ್ ಜನರಿಗೆ ಬರವಣಿಗೆ ಇರಲಿಲ್ಲ. ದಪ್ಪ ಉಂಗುರದಂತೆ ಸುತ್ತಿಕೊಂಡ ಮೈ, ದೊಡ್ಡ ಕಣ್ಣು, ಮೂತಿಯ ಮೇಲೆ ಸುಕ್ಕು, ನೆಟ್ಟಗೆ ನಿಂತ ಕಿವಿ. ಇದನ್ನು ಮೊದಲು "ಹಂದಿ ಡ್ರ್ಯಾಗನ್" ಎಂದರು, ಹೆಸರು ಅಂಟಿಕೊಂಡಿತು. ಕರಡಿ ಎನ್ನುವವರೂ ಇದ್ದಾರೆ, ಗರ್ಭದಲ್ಲಿರುವ ಮರಿ ಅಥವಾ ಹುಳುವಿನ ಮರಿ ಎನ್ನುವವರೂ ಇದ್ದಾರೆ. ಡ್ರ್ಯಾಗನ್ ಎನ್ನಲು ಬಲವಾದ ಕಾರಣ ಒಂದೇ: ತಲೆ-ಬಾಲ ಕೂಡಿಸಿ ಸುತ್ತಿಕೊಳ್ಳುವ ಇದೇ ಮೈಕಟ್ಟು ಮುಂದೆ ಶಾಂಗ್ ಅರಸು ಮನೆತನದ ಕಾಲದ ಡ್ರ್ಯಾಗನ್‌ಗಳಲ್ಲಿ, ಕೊಂಬು ಮತ್ತು ಕಾಲುಗಳನ್ನು ಪಡೆದು, ಮುಂದುವರಿಯುತ್ತದೆ.

ನಮ್ಮ ನಾಗನಿಗೂ ಮಕರಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹುಟ್ಟಿನಲ್ಲಿ ಇಲ್ಲ. ಸಂಬಂಧ ಬೆಳೆದದ್ದು ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಹೋದಾಗ. ಅನುವಾದಕರು "ನಾಗ" ಎಂಬುದಕ್ಕೆ ತಮ್ಮ "ಲೋಂಗ್" ಪದವನ್ನೇ ಬಳಸಿದರು, ನಾಗರಾಜ ಡ್ರ್ಯಾಗನ್ ರಾಜನಾದ. ಅಷ್ಟರಲ್ಲಿ ಹೋಂಗ್‌ಶಾನ್ ಡ್ರ್ಯಾಗನ್‌ಗಳು ಮಣ್ಣು ಸೇರಿ ಮೂರು ಸಾವಿರ ವರ್ಷ ಆಗಿತ್ತು. ಒಂದು ಹೋಲಿಕೆ ಮಾತ್ರ ಗಮನಕ್ಕೆ ಬರುತ್ತದೆ: ಎರಡೂ ಕಡೆ ನೀರಿನ ಮೇಲೆ ಒಡೆತನ ಇವಕ್ಕೇ.

ಡ್ರ್ಯಾಗನ್ ಅಂದ್ರೆ ಚಕ್ರವರ್ತಿಗೆ ಮಾತ್ರ ಅಲ್ವಾ?

ಅದು ಬಹಳ ಈಚಿನ ಕಟ್ಟಳೆ. ಐದು ಉಗುರಿನ ಡ್ರ್ಯಾಗನ್ ಅನ್ನು ಅರಮನೆಗೆ ಮೀಸಲಿಟ್ಟ ನಿಯಮಗಳು ಯುವಾನ್ ಕಾಲದಿಂದ, ಅಂದರೆ ಕ್ರಿ.ಶ. 13–14ನೇ ಶತಮಾನದಿಂದ ಬಿಗಿಯಾದವು. ಅದಕ್ಕೆ ಮುಂಚೆ ಸಿರಿವಂತ ಮನೆತನಗಳು ಸೊಂಟಕ್ಕೆ ಡ್ರ್ಯಾಗನ್ ಪದಕ ಕಟ್ಟಿಕೊಳ್ಳುತ್ತಿದ್ದವು. "ಕ್ರಿ.ಪೂ." ಎಂದು ಮಾರುವ ಜೇಡ್ ಮೇಲೆ ಅಚ್ಚುಕಟ್ಟಾದ ಐದು ಉಗುರು ಕಂಡರೆ ಸಂಶಯಪಡಿ.

ಇದನ್ನೆಲ್ಲ ಯಾವುದಕ್ಕೆ ಬಳಸುತ್ತಿದ್ದರು?

ಕಾಲಕ್ಕೆ ತಕ್ಕಂತೆ. ಹೋಂಗ್‌ಶಾನ್‌ನಲ್ಲಿ ಎದೆಯ ಮೇಲೆ. ಶಾಂಗ್, ಝೌ ಕಾಲದಲ್ಲಿ ಬಟ್ಟೆಗೆ ಹೊಲಿದ, ದಾರಕ್ಕೆ ಪೋಣಿಸಿದ ಅಲಂಕಾರ. ಸಮರ ರಾಜ್ಯಗಳ ಕಾಲದಲ್ಲಿ ಸೊಂಟದಿಂದ ಇಳಿಬಿದ್ದ, ನಡೆದಾಗ ಟಿಣ್ ಎನ್ನುವ ಪದಕಮಾಲೆ. ಮಳೆಗೂ ಬಳಕೆಯಿತ್ತು. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಸಿದ್ಧಪಡಿಸಿದ ನಿಘಂಟಿನಲ್ಲಿ, ಜೇಡ್ ಎಂಬ ಅಕ್ಷರದ ಪಕ್ಕ ಡ್ರ್ಯಾಗನ್ ಎಂಬ ಅಕ್ಷರ ಕೂಡಿಸಿ ಬರೆಯುವ ಒಂದು ಪದವಿದೆ. ಅದಕ್ಕೆ ಕೊಟ್ಟ ಅರ್ಥ: ಬರ ಬಂದಾಗ ಬೇಡಿಕೊಳ್ಳುವ ಜೇಡ್, ಡ್ರ್ಯಾಗನ್ ಚಿತ್ತಾರ ಉಳ್ಳದ್ದು. ಕಪ್ಪೆ ಮದುವೆ ಮಾಡಿಸಿ ಮಳೆ ಕರೆಯುವ ನಮಗೆ ಇದು ಅಪರಿಚಿತ ಭಾವವೇನಲ್ಲ.

## ಕಲ್ಲು ಮತ್ತು ಕೈಕೆಲಸ

ಕಬ್ಬಿಣವೇ ಇಲ್ಲದಾಗ ಇಷ್ಟು ಗಟ್ಟಿ ಕಲ್ಲನ್ನು ಹೇಗೆ ಕೆತ್ತಿದರು?

ಕೆತ್ತಲಿಲ್ಲ, ತೇಯ್ದರು. ಉಳಿದೆಲ್ಲ ಉತ್ತರಗಳಿಗೂ ಇದೇ ಬೀಗದಕೈ.

ಬೇಲೂರು, ಹಳೇಬೀಡಿನ ಬಳಪದ ಕಲ್ಲನ್ನು ಉಳಿಯಿಂದ ಸೀಳಬಹುದು. ನೆಫ್ರೈಟ್ ಮೇಲೆ ಉಳಿ ಇಟ್ಟು ಬಡಿದರೆ ಉಳಿಯೇ ಪುಟಿಯುತ್ತದೆ. ಅದರ ಗಡಸುತನ ಮೋಸ್ ಮಾಪಕದಲ್ಲಿ 6ರಿಂದ 6.5, ಉಕ್ಕಿನ ಚಾಕು 5.5ರ ಆಸುಪಾಸು. ಗಡಸುತನಕ್ಕಿಂತ ದೊಡ್ಡ ತೊಡಕು ಆ ಹೆಣೆದ ಎಳೆಗಳು: ಕಲ್ಲು ಚಕ್ಕೆಯಾಗಿ ಏಳುವುದಿಲ್ಲ. ಆದರೆ ಬೆಣಚು ಮರಳಿನ ಗಡಸುತನ 7. ಅಂದರೆ ಕಲ್ಲನ್ನು ಕೊರೆಯುವುದು ಮರಳು. ದಾರ, ಬಿದಿರು, ಮೂಳೆ, ಮರ ಇವೆಲ್ಲ ಮರಳನ್ನು ಎಳೆದಾಡುವ ಹಿಡಿಕೆಗಳು ಮಾತ್ರ. ಮುಂದೆ ಇನ್ನೂ ಗಡಸಾದ ಗಾರ್ನೆಟ್ ಪುಡಿಯೂ ಬಂತು.

ಒಂದು ಹಂದಿ ಡ್ರ್ಯಾಗನ್ ಅನ್ನು ಹೀಗೆ ಊಹಿಸಿಕೊಳ್ಳಿ. ಮೊದಲು ಉಂಡೆಕಲ್ಲನ್ನು ಒದ್ದೆ ಮರಳು ಸುರಿಯುತ್ತ ದಾರದಿಂದಲೋ ಚಪ್ಪಟೆ ಹಲಗೆಯಿಂದಲೋ ಕೊಯ್ದು ದಪ್ಪ ಬಿಲ್ಲೆ ಮಾಡುತ್ತಾರೆ. ನಡುವೆ ದೊಡ್ಡ ತೂತು ಕೊರೆಯುತ್ತಾರೆ. ತಲೆಗೂ ಬಾಲಕ್ಕೂ ನಡುವಿನ ಸೀಳನ್ನು ಹೊರಗಿನಿಂದ ಒಳಕ್ಕೆ ಕೊಯ್ಯುತ್ತಾರೆ. ಹಲವು ಡ್ರ್ಯಾಗನ್‌ಗಳಲ್ಲಿ ಈ ಸೀಳು ನಡುವಿನ ತೂತನ್ನು ಮುಟ್ಟುವ ಮೊದಲೇ ನಿಂತಿದೆ. ಆಮೇಲೆ ಅಂಚುಗಳನ್ನು ಮರಳುಕಲ್ಲಿನ ಮೇಲೆ ಉಜ್ಜಿ ದುಂಡಗೆ ಮಾಡಿ, ಕಣ್ಣು ಮತ್ತು ಸುಕ್ಕುಗಳನ್ನು ತೋಡಿನಂತೆ ತೇಯ್ದು, ಕತ್ತಿನ ಹಿಂದೆ ಪೋಣಿಸಲು ಸಣ್ಣ ತೂತು ಹಾಕಿ, ಕೊನೆಗೆ ನಯವಾದ ಪುಡಿ ಮತ್ತು ತೊಗಲಿನಂಥ ಮೆತ್ತನೆಯ ವಸ್ತುವಿನಿಂದ ಹೊಳಪು.

ಮೆತ್ತನೆಯ ದಾರ ನೇರವಾಗಿ ಹೋಗುವುದಿಲ್ಲ. ಎಳೆದ ಕೈಯ ಕಡೆಗೆ ಬಾಗುತ್ತದೆ, ಕಲ್ಲಿನ ಮೇಲೆ ಬಳೆಚೂರಿನಂತೆ ಬಾಗಿದ ಗೆರೆಗಳನ್ನು ಬಿಡುತ್ತದೆ. ಹಲಗೆ ಗರಗಸ ನೇರ ಗೆರೆ ಬಿಡುತ್ತದೆ. ಎರಡು ಬದಿಯಿಂದ ಕೊಯ್ದ ಗೆರೆಗಳು ನಡುವೆ ಸರಿಯಾಗಿ ಸೇರದಿದ್ದರೆ ಅಲ್ಲೊಂದು ಏಣು ಉಳಿಯುತ್ತದೆ, ಅಮೂಲ್ಯ ಕಲ್ಲು ಸವೆಸಲು ಮನಸ್ಸಾಗದೆ ಅದನ್ನು ಹಾಗೇ ಬಿಟ್ಟವರೂ ಇದ್ದಾರೆ. ಇವೇ ಇಂದಿನ ಸಂಶೋಧಕರ ಓದುಪುಸ್ತಕ. ಬ್ರಿಟಿಷ್ ಮ್ಯೂಸಿಯಂನವರು ಇಂಥ ತೋಡುಗಳ ಸಿಲಿಕೋನ್ ಅಚ್ಚು ತೆಗೆದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿ ಉಪಕರಣ ಯಾವುದೆಂದು ಗುರುತಿಸಿದ್ದಾರೆ.

ತೂತನ್ನು ಎರಡೂ ಕಡೆಯಿಂದ ಯಾಕೆ ಕೊರೆಯುತ್ತಿದ್ದರು?

ಮರಳು ಕಲ್ಲನ್ನು ಮಾತ್ರವಲ್ಲ, ಬೈರಿಗೆಯನ್ನೂ ಸವೆಸುತ್ತದೆ. ಆಳಕ್ಕೆ ಹೋದಂತೆ ಬೈರಿಗೆಯ ತುದಿ ಸಣ್ಣದಾಗುತ್ತದೆ, ತೂತು ಆಲಿಕೆಯಂತೆ ಕಿರಿದಾಗುತ್ತದೆ. ಒಂದೇ ಕಡೆಯಿಂದ ಹೋದರೆ ಆಚೆ ಬದಿ ಒಡೆದು ಚಕ್ಕೆ ಏಳುವ ಭಯವೂ ಇದೆ. ಆದ್ದರಿಂದ ಅರ್ಧ ಇತ್ತ, ಅರ್ಧ ಅತ್ತ. ಫಲವಾಗಿ ತೂತಿನ ಒಳಗೆ ನಡುವೆ ಸೊಂಟ ಕಾಣುತ್ತದೆ, ಡಮರುವಿನಂತೆ. ಟೊಳ್ಳು ಬಿದಿರಿನಿಂದ ಕೊರೆದರೆ ನಡುವಿನ ಕಲ್ಲು ಗುಂಡಗೆ ಇಡಿಯಾಗಿ ಹೊರಬರುತ್ತಿತ್ತು, ಅದನ್ನು ಮಣಿ ಮಾಡಲು ಎತ್ತಿಡುತ್ತಿದ್ದರು.

ಈ ಕೆಲಸ ಮನೆಯಲ್ಲಿ ಮಾಡಿ ನೋಡಬಹುದಾ?

ಬೆರಳಷ್ಟು ದಪ್ಪದ ನೆಫ್ರೈಟ್ ಚೂರೊಂದು, ಸೆಣಬಿನ ದಾರ, ಕುಟ್ಟಿ ಜರಡಿ ಹಿಡಿದ ಬೆಣಚು ಮರಳು, ನೀರು ಸಾಕು. ಕಲ್ಲನ್ನು ಮರದ ತುಂಡಿಗೆ ಬಿಗಿಯಿರಿ, ಅಂಚಿನಲ್ಲಿ ಸಣ್ಣ ಕಚ್ಚು ಮಾಡಿ, ಒದ್ದೆ ದಾರಕ್ಕೆ ಮರಳು ಹಚ್ಚುತ್ತ ಎಳೆಯಿರಿ. ಮರಳು ಒಣಗಿದರೆ ದಾರ ಜಾರುತ್ತದೆ. ನೀರು ಹೆಚ್ಚಾದರೆ ಮರಳು ಕೊಚ್ಚಿಹೋಗುತ್ತದೆ. ಹದ ದೋಸೆಹಿಟ್ಟಿನದು. ಕಲ್ಲಿಗಿಂತ ಮೊದಲು ದಾರ ತುಂಡಾಗುತ್ತದೆ, ಹತ್ತಾರು ಬಾರಿ. ಎಂದೂ ಒಣ ಕೆಲಸ ಮಾಡಬೇಡಿ: ಬೆಣಚಿನ ಧೂಳೂ ನೆಫ್ರೈಟ್‌ನ ಎಳೆಧೂಳೂ ಶ್ವಾಸಕೋಶಕ್ಕೆ ಕೇಡು. ಯಂತ್ರದ ಸಾಣೆ ಬಳಸುವವರಿಗಂತೂ ನೀರು ಮತ್ತು ಒಳ್ಳೆಯ ಮುಖಗವಸು ಎರಡೂ ಬೇಕೇ ಬೇಕು.

ಕಲ್ಲು ಎಲ್ಲಿಂದ ಬರುತ್ತಿತ್ತು?

ಹೋಂಗ್‌ಶಾನ್‌ಗೆ ಹತ್ತಿರದ ಮೂಲ ಲಿಯಾವ್ನಿಂಗ್‌ನ ಶಿಯುಯಾನ್. ಪಶ್ಚಿಮದ ಮಹಾಮೂಲ ಶಿನ್‌ಜಿಯಾಂಗ್‌ನ ಖೋತಾನ್. ಅಲ್ಲಿ ಬಿಳಿ ಜೇಡ್ ನದಿ, ಕಪ್ಪು ಜೇಡ್ ನದಿ ಎಂದೇ ಹೆಸರಿರುವ ಯುರುಂಗ್‌ಕಾಶ್, ಕರಾಕಾಶ್ ಹೊಳೆಗಳ ಪಾತ್ರದಲ್ಲಿ ಉಂಡೆಕಲ್ಲು ಆಯುತ್ತಾರೆ. ಹಾನ್ ಅರಸರ ಕಾಲದ (ಕ್ರಿ.ಪೂ. 206–ಕ್ರಿ.ಶ. 220) ಮಜ್ಜಿಗೆ ಬಿಳುಪಿನ ಜೇಡ್‌ಗಳು ಈ ಕಲ್ಲಿನವೆಂದೇ ಹೆಸರು. ಎಚ್ಚರ: ಶಿಯುಯಾನ್‌ನಲ್ಲಿ ನೆಫ್ರೈಟ್ ಜೊತೆಗೆ ಸರ್ಪೆಂಟೈನ್ ಕೂಡ ರಾಶಿ ರಾಶಿ ಸಿಗುತ್ತದೆ. "ಶಿಯುಯಾನ್ ಜೇಡ್" ಎಂದು ಅಗ್ಗಕ್ಕೆ ಬರುವುದು ಈ ಮೆತ್ತನೆಯ ಕಲ್ಲು.

ಕೆಲವು ಸುಣ್ಣ ಬಳಿದ ಹಾಗೆ ಬೆಳ್ಳಗಿವೆ, ಕೆಲವಕ್ಕೆ ಕುಂಕುಮ ಹತ್ತಿದೆ. ಯಾಕೆ?

ಬಿಳುಪು ಮಣ್ಣಿನೊಳಗಿನ ತೇವ ಸಾವಿರಾರು ವರ್ಷ ಮಾಡಿದ ಕೆಲಸ. ಮೇಲ್ಮೈಯ ಎಳೆಗಳ ನಡುವಿನ ಬಿಗಿ ಸಡಿಲಾಗಿ ಬೆಳಕು ಚದುರುತ್ತದೆ. ಚೀನೀಯರು ಇದನ್ನು "ಕೋಳಿ ಮೂಳೆ ಬಿಳುಪು" ಎನ್ನುತ್ತಾರೆ. ಕೆಂಪು ಬಹುಪಾಲು ಇಂಗಳೀಕ, ಪಾದರಸ ಮತ್ತು ಗಂಧಕ ಕೂಡಿದ ಖನಿಜ. ಸಮಾಧಿಯಲ್ಲಿ ಹೆಣದ ಸುತ್ತ ಹರಡುತ್ತಿದ್ದರು. ಅದನ್ನು ತಿಕ್ಕಿ ತೊಳೆಯಬಾರದು: ಆ ಕೆಂಪೇ ಸಾಕ್ಷಿ, ಅಲ್ಲದೆ ವಿಷ.

## ಕಾಲ ಗುರುತಿಸುವುದು

ಫೋಟೋ ನೋಡಿ ಯಾವ ಕಾಲದ್ದು ಅಂತ ಹೇಳೋಕೆ ಆಗುತ್ತಾ?

ಶೈಲಿ ಹೇಳಬಹುದು, ಕಾಲ ಹೇಳಲಾಗದು. ಶೈಲಿಯನ್ನು ಯಾರೂ ನಕಲು ಮಾಡಬಹುದು. ಆದರೂ ನೋಡುವ ಕ್ರಮವಿದೆ.

ಹೋಂಗ್‌ಶಾನ್: ಮೈಮೇಲೆ ಚಿತ್ತಾರ ಬಹಳ ಕಡಿಮೆ, ಕೈಗೆ ಹಿತವಾದ ದುಂಡುತನ, ಅಗಲವಾದ ಆಳವಿಲ್ಲದ ತೋಡು. ಶಾಂಗ್ (ಸುಮಾರು ಕ್ರಿ.ಪೂ. 1600–1046): ಸೀಸೆಯಾಕಾರದ ದಪ್ಪ ಕೊಂಬು, ಬೆನ್ನ ಮೇಲೆ ವಜ್ರಾಕೃತಿ ಮತ್ತು ತ್ರಿಕೋನಗಳ ಸಾಲು. ಅಕ್ಕಪಕ್ಕ ಎರಡು ತೋಡು ತೆಗೆದು ನಡುವಿನ ಗೆರೆ ಎದ್ದಂತೆ ಕಾಣಿಸುವ ಜಾಣತನ ಇವರದು. ಪಶ್ಚಿಮ ಝೌ (ಕ್ರಿ.ಪೂ. 1046–771): ಆ ಎರಡು ತೋಡುಗಳಲ್ಲಿ ಒಂದನ್ನು ಓರೆಯಾಗಿ, ಅಗಲವಾಗಿ ತೇಯುತ್ತಾರೆ. ಬೆಳಕು ಬದಿಯಿಂದ ಬಿದ್ದಾಗ ಡ್ರ್ಯಾಗನ್ ಮಿಸುಕಿದಂತೆ ಕಾಣುತ್ತದೆ.

ಸಮರ ರಾಜ್ಯಗಳ ಕಾಲ (ಕ್ರಿ.ಪೂ. 475–221) ಶಿಖರ. ಮೈ ಹಾವಿನಂತೆ ಎರಡು ಸಲ ಬಳುಕುತ್ತದೆ, ಅಂಚು ಬೆರಳಿಗೆ ಚುರುಕೆನ್ನುವಷ್ಟು ಹರಿತ, ಮೇಲೆಲ್ಲ ಮೊಳಕೆಕಾಳಿನಂಥ ಉಬ್ಬುಗಳು. ಕಬ್ಬಿಣ ಮತ್ತು ತಿರುಗುವ ಸಾಣೆ ಕೈಗೆ ಬಂದ ಫಲವಿದು. ಒಂದೊಂದು ಕಾಳಿನ ಸುತ್ತಲೂ ಕೊಳವೆ ಬೈರಿಗೆಯಿಂದ ವೃತ್ತ ಕೊರೆದು, ನಡುವಿನ ನೆಲವನ್ನು ತೇಯ್ದು ಇಳಿಸುತ್ತಿದ್ದರು. ಭೂತಗನ್ನಡಿಯಲ್ಲಿ ಆ ವೃತ್ತದ ತುಣುಕು ಕೆಲವೊಮ್ಮೆ ಇನ್ನೂ ಸಿಗುತ್ತದೆ. ಹಾನ್ ಕಾಲಕ್ಕೆ ಕೊಂಬಿಲ್ಲದ, ಬೆಕ್ಕಿನ ಮೈಯ "ಚಿ" ಡ್ರ್ಯಾಗನ್ ಮುಂಚೂಣಿಗೆ ಬರುತ್ತದೆ, ಕತ್ತಿಯ ಹಿಡಿ, ಒರೆಗಳ ಮೇಲೆ ಏರಿ ಕೂರುತ್ತದೆ.

ಸಮಾಧಿಯ ಕಾಲ ಗೊತ್ತಿದ್ದರೆ ಜೇಡ್‌ನ ಕಾಲವೂ ಗೊತ್ತಾದ ಹಾಗೆ ಅಲ್ವಾ?

ಇಲ್ಲ, ಇಲ್ಲೇ ಹಲವರು ಎಡವುತ್ತಾರೆ. ಸಮಾಧಿ ಹೇಳುವುದು "ಇದಕ್ಕಿಂತ ಈಚಿನದಲ್ಲ" ಎಂದಷ್ಟೇ. ಜೇಡ್ ಮುರಿಯದೆ ತಲೆಮಾರು ದಾಟುತ್ತದೆ, ಜನ ಹಳೆಯದನ್ನು ಆಸೆಪಟ್ಟು ಕೂಡಿಡುತ್ತಿದ್ದರು. ಶಾನ್ಶಿ ಪ್ರಾಂತ್ಯದ ಹಾನ್‌ಚೆಂಗ್ ಬಳಿಯ ಲಿಯಾಂಗ್‌ದಾಯ್‌ಚುನ್‌ನಲ್ಲಿ ಝೌ ಕಾಲದ ರಾಣಿಯೊಬ್ಬಳ ಸಮಾಧಿಯಿಂದ ಹೋಂಗ್‌ಶಾನ್‌ನ ಹಂದಿ ಡ್ರ್ಯಾಗನ್ ಬಂತು. ಆಕೆಗೇ ಅದು ಎರಡು ಸಾವಿರ ವರ್ಷಕ್ಕೂ ಹಳೆಯ ವಸ್ತು! ಆನ್ಯಾಂಗ್‌ನಲ್ಲಿ ಶಾಂಗ್ ರಾಣಿ ಫೂ ಹಾವ್‌ಳ (ಸುಮಾರು ಕ್ರಿ.ಪೂ. 1200) ಸಮಾಧಿ 1976ರಲ್ಲಿ ಕಳ್ಳರ ಕೈ ತಾಗದೆ ಸಿಕ್ಕಿತು, ಒಳಗೆ 755 ಜೇಡ್ ವಸ್ತುಗಳು. ಅವುಗಳಲ್ಲೂ ಅವಳ ಕಾಲಕ್ಕಿಂತ ಎಷ್ಟೋ ಹಿಂದಿನವು ಇವೆ.

ಪ್ರಸಿದ್ಧವಾದ ಸಿ ಆಕಾರದ ಡ್ರ್ಯಾಗನ್ ನಿಜವಾಗಿ ಹೋಂಗ್‌ಶಾನ್‌ದೇನಾ?

1971ರಲ್ಲಿ ಒಳ ಮಂಗೋಲಿಯಾದ ಓಂಗ್‌ನ್ಯೂದ್ ಪ್ರದೇಶದಲ್ಲಿ ರೈತರೊಬ್ಬರಿಗೆ ನೆಲದಲ್ಲಿ ಸಿಕ್ಕಿದ್ದು. ಎತ್ತರ 26 ಸೆಂ.ಮೀ., ಕಡುಹಸಿರು, ಗಾಳಿಗೆ ಹಾರಿದ ಕೇಸರದಂತೆ ಉದ್ದ ಜುಟ್ಟು. ಬೆನ್ನಿನ ಒಂದೇ ತೂತಿಗೆ ದಾರ ಹಾಕಿ ತೂಗಿಬಿಟ್ಟರೆ ತಲೆ ಮತ್ತು ಬಾಲ ಒಂದೇ ಮಟ್ಟಕ್ಕೆ ನಿಲ್ಲುತ್ತವೆ, ತೂತಿನ ಜಾಗ ಅಳೆದು ಹಾಕಿದ್ದು. ಈಗ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ತಕರಾರು ಏನೆಂದರೆ ಇದನ್ನು ಪುರಾತತ್ತ್ವಜ್ಞರು ಅಗೆದು ತೆಗೆದದ್ದಲ್ಲ. ಜೊತೆಗೆ ಮಡಕೆಚೂರಾಗಲಿ ಮೂಳೆಯಾಗಲಿ ಇಲ್ಲ. ಹೋಂಗ್‌ಶಾನ್ ಎನ್ನುವುದು ಜಾಗ, ಕಲ್ಲು, ತೇಯ್ದ ರೀತಿ ನೋಡಿ ಬಂದ ತೀರ್ಮಾನ. ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ, ನಮಗೂ ಒಪ್ಪಿಗೆ. ಆದರೆ ಸಾಕ್ಷಿಯ ತೂಕದಲ್ಲಿ ನ್ಯೂಹೆಲಿಯಾಂಗ್‌ನ 10 ಸೆಂ.ಮೀ. ಹಂದಿ ಡ್ರ್ಯಾಗನ್ ಇದಕ್ಕಿಂತ ಭಾರ.

ಒಂದೇ ಕಲ್ಲಿನಲ್ಲಿ ಸರಪಳಿ ಮಾಡಿದ್ದು ನಿಜವಾ?

ನಿಜ. ಹುಬೇಯಿಯ ಸೂಯ್‌ಝೌನಲ್ಲಿ 1978ರಲ್ಲಿ ತೆರೆದ, ಕ್ರಿ.ಪೂ. 433ರ ಸುಮಾರಿನ ಝೆಂಗ್ ರಾಜ್ಯದ ಯಿ ಎಂಬ ದೊರೆಯ ಸಮಾಧಿಯಲ್ಲಿ 48 ಸೆಂ.ಮೀ. ಉದ್ದದ, ಮಡಚಲು ಬರುವ ಪದಕವಿತ್ತು. 5 ಜೇಡ್ ತುಂಡುಗಳಿಂದ 16 ಭಾಗ. ಅದರ ಮೇಲೆ 37 ಡ್ರ್ಯಾಗನ್, 7 ಫೀನಿಕ್ಸ್, 10 ಹಾವು. ಉಪಾಯ ಇದು: ಕೊಂಡಿ ಎಲ್ಲಿ ಬರಬೇಕೋ ಅಲ್ಲಿ ಒಂದಕ್ಕೊಂದು ಅಡ್ಡಲಾಗಿ ಕಲ್ಲು ಉಳಿಸಿ, ಸಣ್ಣ ತೂತುಗಳಿಂದ ದಾರದ ಗರಗಸ ತೂರಿಸಿ, ನಡುವಿನದನ್ನು ಮಾತ್ರ ಕೊಯ್ದು ತೆಗೆಯುವುದು. ಕೊಂಡಿ ಬಿಡುಗಡೆಯಾಗುವ ಕೊನೆಯ ಗಳಿಗೆಯಲ್ಲಿ ಒಂದು ಒಳಬಿರುಕು ಎದುರಾದರೆ ಅಷ್ಟೂ ಶ್ರಮ ನೀರುಪಾಲು. ಅದಕ್ಕೇ ಕಲ್ಲು ಆರಿಸುವವನೇ ಅರ್ಧ ಕೆಲಸಗಾರ.

ಮುರಿದುಹೋದರೆ ಏನು ಮಾಡುತ್ತಿದ್ದರು?

ಎಸೆಯುತ್ತಿರಲಿಲ್ಲ. ಮುರಿದ ಬಿಲ್ಲೆಯಿಂದ ಡ್ರ್ಯಾಗನ್, ಮುರಿದ ಡ್ರ್ಯಾಗನ್‌ನಿಂದ ಮಣಿ ಆಗುತ್ತಿತ್ತು. ಗುವಾಂಗ್‌ಝೌನಲ್ಲಿ 1983ರಲ್ಲಿ ಸಿಕ್ಕ ನಾನ್ಯುವೆ ಎಂಬ ಹಳೆಯ ರಾಜ್ಯದ ದೊರೆಯ ಸಮಾಧಿಯಲ್ಲಿ ಬಾಲ ಮುರಿದ ಜೇಡ್ ಡ್ರ್ಯಾಗನ್ ಒಂದಿದೆ. ಮುರಿದ ಜಾಗವನ್ನು ಹುಲಿಮುಖದ ಚಿನ್ನದ ಕೊಕ್ಕೆಯಿಂದ ಮುಚ್ಚಿದ್ದಾರೆ. ಗೊತ್ತಿಲ್ಲದವರಿಗೆ ಅದು ಮೊದಲೇ ಹಾಗಿದ್ದ ವಿನ್ಯಾಸ ಎನಿಸುತ್ತದೆ.

## ಕೈಗೆ ಬಂದಾಗ

ಅಜ್ಜ ಸಿಂಗಪುರದಿಂದ ತಂದ ಡ್ರ್ಯಾಗನ್ ಇದೆ. ಜೇಡ್ ಹೌದೋ ಅಲ್ಲವೋ ಮನೆಯಲ್ಲೇ ನೋಡೋದು ಹೇಗೆ?

ಚಾಕುವಿನಿಂದ ಗೀಚಬೇಡಿ, ಬೆಂಕಿಗೆ ಹಿಡಿಯಬೇಡಿ. ಸಾಂದ್ರತೆ ಅಳೆಯಿರಿ. 0.01 ಗ್ರಾಂ ತೋರುವ ತಕ್ಕಡಿ ಬೇಕು. ಮೊದಲು ಗಾಳಿಯಲ್ಲಿ ತೂಗಿ. ನಂತರ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ಡ್ರ್ಯಾಗನ್ ಅನ್ನು ತೆಳು ನೈಲಾನ್ ದಾರದಲ್ಲಿ ಪೂರ್ತಿ ಮುಳುಗುವಂತೆ, ತಳ ಮುಟ್ಟದಂತೆ ತೂಗಿಬಿಡಿ. ಈಗ ತೋರುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. 59 ಗ್ರಾಂ ವಸ್ತು ನೀರಿನಲ್ಲಿ 20 ತೋರಿದರೆ 2.95, ನೆಫ್ರೈಟ್ ಇರಬಹುದು. ಜೇಡೈಟ್ ಸುಮಾರು 3.3, ಬೆಣಚುಕಲ್ಲು 2.65, ಸರ್ಪೆಂಟೈನ್ 2.6ರ ಹತ್ತಿರ.

ತಪ್ಪಾಗುವುದು ತೂತಿನಲ್ಲಿ ಸಿಕ್ಕ ಗಾಳಿಗುಳ್ಳೆಯಿಂದ. ಒದ್ದೆ ಕುಂಚದಿಂದ ಬಿಡಿಸಿ. ಲೋಹದ ಕಟ್ಟು ಇದ್ದರೆ ಲೆಕ್ಕ ಕೆಡುತ್ತದೆ. ಬೆಳ್ಳಗೆ ಪುಡಿಪುಡಿಯಾದ ಅಥವಾ ಕೆಂಪು ಹತ್ತಿದ ವಸ್ತುವನ್ನು ನೀರಿಗೆ ಹಾಕಲೇಬೇಡಿ. ಅಂದಹಾಗೆ ಈ ಪರೀಕ್ಷೆ ಹೇಳುವುದು ಕಲ್ಲಿನ ಜಾತಿ, ವಯಸ್ಸಲ್ಲ. ನಿನ್ನೆ ತೇಯ್ದ ನೆಫ್ರೈಟ್ ಕೂಡ 2.95 ತೋರುತ್ತದೆ.

ಆನ್‌ಲೈನ್‌ನಲ್ಲಿ 3,000 ರೂಪಾಯಿಗೆ ಹೋಂಗ್‌ಶಾನ್ ಡ್ರ್ಯಾಗನ್ ಸಿಗ್ತಿದೆ, ತಗೋಬಹುದಾ?

ಮೇಜಿನ ಮೇಲಿಡಲು ತಗೊಳ್ಳಿ. ಪುರಾತನ ಎಂದು ಬೇಡ. ನಕಲುಗಳ ಲಕ್ಷಣಗಳು: ಸರ್ಪೆಂಟೈನ್ ಕಲ್ಲು, ಅರ್ಧ ಮೀಟರ್‌ವರೆಗಿನ ಅತಿ ಗಾತ್ರ, ಕೊನೆಯಿಂದ ಕೊನೆಗೆ ಒಂದೇ ಅಗಲದ ತೂತು (ವಜ್ರದ ಬೈರಿಗೆ), ತೋಡಿನ ತಳದಲ್ಲೂ ಮೇಲ್ಮೈಯಲ್ಲೂ ಒಂದೇ ಸಮನಾದ ಹೊಳಪು, ಆಮ್ಲದಿಂದ ತಂದ ಗುಳಿಗುಳಿ ಬಿಳುಪು, ಬಿರುಕಿನಲ್ಲಿ ಮಾತ್ರ ಕೂತ ಕಂದು ಬಣ್ಣ. ನಿಜವಾದ ಮಣ್ಣಿನ ಕಲೆ ಕಲ್ಲಿನ ಸಹಜ ನರಗಳನ್ನು ಹಿಡಿದು ಒಳಕ್ಕೆ ಕ್ರಮೇಣ ಮಾಸುತ್ತ ಹೋಗುತ್ತದೆ. ಇಷ್ಟೆಲ್ಲ ಪಾಸಾದರೂ, ಎಲ್ಲಿ ಸಿಕ್ಕಿತು, ಯಾರ ಕೈಯಲ್ಲಿತ್ತು ಎಂಬ ಕಾಗದವಿಲ್ಲದಿದ್ದರೆ ಒಪ್ಪಬೇಡಿ.

ಚೀನಾಕ್ಕೆ ಹೋದಾಗ ಹಳೆಯದೊಂದು ತರಬಹುದಾ?

ಆಗದು. 2007ರ ನಿಯಮದಂತೆ 1911ಕ್ಕೆ ಮುಂಚಿನ ಸಾಂಸ್ಕೃತಿಕ ವಸ್ತುಗಳನ್ನು ಚೀನಾದಿಂದ ಹೊರಗೊಯ್ಯುವಂತಿಲ್ಲ. ಮಾರುವವ "ಹಳೆಯದು, ತಗೊಂಡು ಹೋಗಿ ಪರವಾಗಿಲ್ಲ" ಎಂದರೆ ಎರಡರಲ್ಲಿ ಒಂದು ಸುಳ್ಳು.

ಭಾರತದಲ್ಲಿ ಎಲ್ಲಾದರೂ ನೋಡೋಕೆ ಸಿಗುತ್ತಾ?

ಕರ್ನಾಟಕದವರಿಗೆ ಒಳ್ಳೆಯ ಜೇಡ್ ನೋಡಲು ಹತ್ತಿರದ ಜಾಗ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ. ಅಲ್ಲಿರುವುದರಲ್ಲಿ ಹೆಸರಾದದ್ದು ಮೊಘಲರ ಜೇಡ್: ಜಹಾಂಗೀರನ ಕಠಾರಿ, ನೂರ್ ಜಹಾನಳ ಹಣ್ಣಿನ ಚಾಕು. ಪ್ರಾಚೀನ ಡ್ರ್ಯಾಗನ್ ಹುಡುಕಿ ಹೋಗಬೇಡಿ, ನೆಫ್ರೈಟ್‌ನ ಹೊಳಪು ಕಣ್ಣಿಗೆ ಪಳಗಲೆಂದು ಹೋಗಿ. ಅದು ಗಾಜಿನ ಮಿಂಚಲ್ಲ, ಎಣ್ಣೆ ಸವರಿದಂಥ ಮಂದ ಕಾಂತಿ. ತಮಾಷೆಯೆಂದರೆ 18ನೇ ಶತಮಾನದಲ್ಲಿ ಚೀನಾದ ಚಕ್ರವರ್ತಿ ಚಿಯೆನ್‌ಲುಂಗ್ ಈ "ಹಿಂದೂಸ್ತಾನ" ಜೇಡ್‌ಗಳಿಗೆ ಮರುಳಾಗಿ ಅವುಗಳ ಮೇಲೆ ಪದ್ಯ ಬರೆದ.

ವಿದೇಶದಲ್ಲಿರುವ ಕನ್ನಡಿಗರಿಗೆ ದಾರಿ ಸಲೀಸು: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಏಷ್ಯನ್ ಕಲಾ ಸಂಗ್ರಹ, ಬಾಸ್ಟನ್ ಪಕ್ಕದ ಹಾರ್ವರ್ಡ್ ಕಲಾ ಸಂಗ್ರಹಾಲಯ. ಹೋದಾಗ ಎದುರಿಗೆ ನಿಂತು ನೋಡಬೇಡಿ. ಗಾಜಿನ ಪೆಟ್ಟಿಗೆಯ ಬದಿಗೆ ಸರಿದು, ದೀಪ ಓರೆಯಾಗಿ ಬೀಳುವ ಕೋನದಿಂದ ಬಗ್ಗಿ, ತೂತಿನ ಬಾಯಿ ಮತ್ತು ತೋಡಿನ ತುದಿ ನೋಡಿ. ದಾರ ಎಳೆದ ಗೆರೆ ಇದ್ದರೆ ಅಲ್ಲೇ ಸಿಗುತ್ತದೆ.